ಬೆಳಕು ರಂಗಕ್ಕೆ ಬಂತು, ಕಾವು ಎಲ್ಲಿಗೆ ಹೋಗಬೇಕು?

ಬಾದಾಮಿಯ ಬನಶಂಕರಿ ಜಾತ್ರೆಯನ್ನು ಕಂಡವರಿಗೆ ಅಲ್ಲಿನ ನಾಟಕ ಕಂಪನಿಗಳ ಬಗ್ಗೆ ಹೊಸದಾಗಿ ಹೇಳಬೇಕಾದದ್ದೇನೂ ಇಲ್ಲ. ಈ ಸಲ ಒಂದು ಕಂಪನಿಯ ಆಟವನ್ನು ನಾನು ಪ್ರೇಕ್ಷಕರ ನಡುವೆ ಕೂತು ನೋಡದೆ, ಪರಿಚಯದವರ ದಯೆಯಿಂದ, ಸೈಡ್‌ವಿಂಗಿನಲ್ಲಿ ಲೈಟಿನ ಹುಡುಗನ ಪಕ್ಕ ಸ್ಟೂಲು ಹಾಕಿಕೊಂಡು ನೋಡಿದೆ. ಬೆಳದಿಂಗಳ ದೃಶ್ಯ ಬಂದಾಗಲೆಲ್ಲ ಆತ 1,000 ವಾಟಿನ ಹ್ಯಾಲೊಜನ್ ದೀಪದ ಬಾಯಿಗೆ ಗಾಢ ನೀಲಿ ಕಲರ್ ಹಾಳೆಯನ್ನು ಸಿಕ್ಕಿಸುತ್ತಿದ್ದ. ಸ್ವಲ್ಪ ಹೊತ್ತಿನಲ್ಲೇ ಅದರ ನಡುಭಾಗ ಬಿಳಿಚಿಕೊಂಡು, ಸುಕ್ಕುಗಟ್ಟಿ, ತೂತು ಬಿದ್ದು, ನಾಯಕಿಯ ಮುಖದ ಮೇಲೆ ಬೆಳದಿಂಗಳಿನ ಬದಲು ನಡುಹಗಲು ಮೂಡುತ್ತಿತ್ತು. "ಸರ್, ಕೆಂಪು ಹಾಳಿ ನಾಕು ಆಟ ಬರತೈತ್ರಿ, ನೀಲಿ ಒಂದಕ್ಕೂ ನಿಂದ್ರೂದಿಲ್ಲ, ಯಾಕ್ರಿ?" ಎಂದು ಆತ ಕೇಳಿದ. ಮೂವತ್ತು ವರ್ಷ ಭೌತಶಾಸ್ತ್ರ ಕಲಿಸಿದವನಿಗೆ ತರಗತಿಯಲ್ಲಿ ಇಷ್ಟು ಒಳ್ಳೆಯ ಪ್ರಶ್ನೆ ಬಂದದ್ದು ಅಪರೂಪ.

ಹ್ಯಾಲೊಜನ್ ದೀಪದ ತಂತಿ ಸುಮಾರು 3,200 ಕೆಲ್ವಿನ್‌ನಲ್ಲಿ ಉರಿಯುತ್ತದೆ. ಆ ಉಷ್ಣತೆಯಲ್ಲಿ ವಿಕಿರಣದ ಶಿಖರ ಬೀಳುವುದು 900 ನ್ಯಾನೋಮೀಟರ್ ಅಲೆಯುದ್ದದ ಆಸುಪಾಸಿನಲ್ಲಿ, ನಮ್ಮ ಕಣ್ಣು ಕೈಬಿಡುವುದು 700ರ ಹತ್ತಿರದಲ್ಲಿ. ಅಂದರೆ ದೀಪ ಅತ್ಯಂತ ಹೆಚ್ಚು ಸುರಿಸುವುದು ನಮಗೆ ಕಾಣದ ಅವಕೆಂಪನ್ನೇ. ಕೊಟ್ಟ ವಿದ್ಯುತ್ತಿನ ನೂರು ಪಾಲಿನಲ್ಲಿ ಕಣ್ಣಿಗೆ ಬೆಳಕಾಗಿ ದಕ್ಕುವುದು ಹತ್ತು ಪಾಲಾದರೆ ಹೆಚ್ಚು. 1800ರಲ್ಲಿ ವಿಲಿಯಂ ಹರ್ಷೆಲ್ ಪಟ್ಟಕದಿಂದ ಬಿಸಿಲನ್ನು ಬಣ್ಣಬಣ್ಣವಾಗಿ ಹರಡಿ, ಕೆಂಪಿನಾಚೆಯ ಬರಿಗತ್ತಲಲ್ಲಿ ಥರ್ಮಾಮೀಟರ್ ಇಟ್ಟು, ಅದು ಏರಿದ್ದನ್ನು ಕಂಡದ್ದು ಇದೇ ಕಾವನ್ನು. ಕಲರ್ ಹಾಳೆಯ ಬಣ್ಣಗಳು ಈ ಅವಕೆಂಪಿನ ಬಹುಪಾಲನ್ನು ತಡೆಯದೆ ಹಾಯಲು ಬಿಡುತ್ತವೆ, ಹೀರಿಕೊಳ್ಳುವ ಅಲ್ಪಭಾಗದ ಹೊರೆ ಕೆಂಪಿಗೂ ನೀಲಿಗೂ ಹೆಚ್ಚುಕಡಿಮೆ ಸಮ. ಆದರೆ ಹ್ಯಾಲೊಜನ್ ಬೆಳಕಿನಲ್ಲಿ ಕೆಂಪು, ಹಳದಿಗಳೇ ಹೆಚ್ಚು. ಗಾಢ ನೀಲಿ ಹಾಳೆ ಅವನ್ನೆಲ್ಲ ನುಂಗಿ, ಆ ಹೊರೆಯನ್ನೂ ಹೊತ್ತುಕೊಳ್ಳಬೇಕಾಗುತ್ತದೆ. ಎತ್ತು ಒಂದೇ, ನೀಲಿಯ ಗಾಡಿಯಲ್ಲಿ ಮೂಟೆ ಹೆಚ್ಚು.

ನನ್ನ ತಕರಾರು ಹಾಳೆಯ ಮೇಲಲ್ಲ. ನಮ್ಮ ಕಡೆ ರಂಗಮಂದಿರವಾಗಲಿ, ಮದುವೆಯ ಹಾಲ್ ಆಗಲಿ, ಸಂಘದ ಸಭಾಭವನವಾಗಲಿ, ದೀಪ ಕೊಳ್ಳುವಾಗ ಎಷ್ಟು ವಾಟು, ಎಷ್ಟು ದೂರ ಹೊಡೆಯುತ್ತದೆ, ಎಷ್ಟು ರೂಪಾಯಿ ಎಂಬ ಮೂರು ಪ್ರಶ್ನೆ ಮಾತ್ರ ಕೇಳುತ್ತಾರೆ. ಉಳಿದ ತೊಂಬತ್ತು ಪಾಲು ಎಲ್ಲಿ ಬಂದು ಕೂರುತ್ತದೆ, ಅದನ್ನು ಹಿಡಿಯುವವರು ಯಾರು, ಹಿಡಿದದ್ದನ್ನು ಹೊರಗೆ ಹಾಕುವ ದಾರಿ ಯಾವುದು ಎಂದು ಕೇಳಿದವರನ್ನು ನಾನು ಕಂಡಿಲ್ಲ.

ಈ ಪ್ರಶ್ನೆ ನನಗೆ ಹುಟ್ಟಿದ್ದು ಪುಸ್ತಕದಿಂದಲ್ಲ. ನನ್ನ ತಂದೆ ವಿಜಯಪುರದ, ಆಗಿನ ಬಿಜಾಪುರದ, ಒಂದು ಟಾಕೀಸಿನಲ್ಲಿ ಆಪರೇಟರ್ ಆಗಿದ್ದರು. ಅದು ಕಾರ್ಬನ್ ಕಡ್ಡಿಗಳ ಕಾಲ. ಎರಡು ಕಡ್ಡಿಗಳ ನಡುವೆ ಉರಿಯುವ ಆ ಬೆಂಕಿಯ ಕುಳಿ 3,500 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು. ಹಿಂದಿನ ಕನ್ನಡಿ ಅದನ್ನೆಲ್ಲ ಬಾಚಿ, ರುಪಾಯಿ ನೋಟಿಗಿಂತ ಎಷ್ಟೋ ಚಿಕ್ಕದಾದ ಫಿಲ್ಮ್ ಚೌಕಟ್ಟಿನ ಮೇಲೆ ತಂದು ಸುರಿಯುತ್ತಿತ್ತು. ರೀಲು ಓಡುತ್ತಿರುವಷ್ಟು ಹೊತ್ತು ಪ್ರತಿ ಚೌಕಟ್ಟಿಗೂ ಸೆಕೆಂಡಿನ ಇಪ್ಪತ್ತನಾಲ್ಕನೆಯ ಒಂದು ಪಾಲು ಮಾತ್ರ ಆ ಕಾವಿನ ಎದುರು ನಿಲ್ಲುವ ಪಾಳಿ. ರೀಲು ಸಿಕ್ಕಿಕೊಂಡರೆ ತೆರೆಯ ಮೇಲೆ ಕಂದು ಕಲೆ ಕಾಣಿಸಿ, ಅರಳಿ, ಗುಳ್ಳೆಯೊಡೆದು, ಜನ ಶಿಳ್ಳೆ ಹಾಕುವುದರೊಳಗೆ ದೊಡ್ಡ ನಟನ ಮುಖ ಕರಗಿ ಹೋಗಿರುತ್ತಿತ್ತು. ಅಪ್ಪ ಇನ್ನೊಂದು ಮಾತು ಹೇಳುತ್ತಿದ್ದರು: ಕಪ್ಪುಬಿಳುಪು ಪ್ರಿಂಟು ಬೇಗ ಕಾಯುತ್ತದೆ, ಕಲರ್ ಪ್ರಿಂಟು ಅಷ್ಟು ಕಾಯುವುದಿಲ್ಲ. ಕಪ್ಪುಬಿಳುಪಿನ ಕಪ್ಪು ಬೆಳ್ಳಿಯ ಕಣಗಳಿಂದಾದದ್ದು, ಬೆಳ್ಳಿ ಅವಕೆಂಪನ್ನೂ ತಡೆದು ಹೀರುತ್ತದೆ. ಕಲರ್ ಫಿಲ್ಮಿನ ಬಣ್ಣಗಳು ಅವಕೆಂಪಿಗೆ ಬಹುತೇಕ ಪಾರದರ್ಶಕ. ಕಾರಣ ಅವರಿಗೆ ಗೊತ್ತಿರಲಿಲ್ಲ, ಬೆರಳಿಗೆ ಗೊತ್ತಿತ್ತು.

ದೀಪಕ್ಕೂ ಫಿಲ್ಮಿಗೂ ನಡುವೆ ಅವರ ಯಂತ್ರದಲ್ಲಿ ಪಟ್ಟಿಪಟ್ಟಿಯಾಗಿ ಕತ್ತರಿಸಿ ಜೋಡಿಸಿದ ತಿಳಿಹಸಿರು ಗಾಜು ಇತ್ತು. ಅದು ಕಾವು ಹೀರುವ ಗಾಜು. ಅದರೊಳಗಿನ ಕಬ್ಬಿಣ 1,000 ನ್ಯಾನೋಮೀಟರಿನ ಸುತ್ತಲ ಅವಕೆಂಪನ್ನು ತಿನ್ನುತ್ತದೆ. ಒಂದೇ ತುಂಡಾಗಿದ್ದರೆ ನಡು ಹಿಗ್ಗಿ ಅಂಚು ಹಿಗ್ಗದೆ ಸೀಳುತ್ತದೆಂದೇ ಪಟ್ಟಿ ಮಾಡಿದ್ದರು. ಒಂದು ಬೇಸಿಗೆಯಲ್ಲಿ ಎರಡು ಪಟ್ಟಿ ಸೀಳಿದವು. ಮಾಲೀಕರು ಪೇಟೆಯ ಗಾಜಿನಂಗಡಿಯಿಂದ ಅದೇ ಅಳತೆಯ ಕಿಟಕಿ ಗಾಜು ತರಿಸಿ ಕೂರಿಸಿದರು. "ಈಗ ಬೆಳಕೂ ಚಲೋ ಬಂತು" ಎಂದು ಸಂತೋಷವನ್ನೂ ಪಟ್ಟರು. ಕಿಟಕಿ ಗಾಜಿನ ಅಂಚು ಹಸಿರಾಗಿ ಕಾಣುವುದೂ ಕಬ್ಬಿಣದಿಂದಲೇ, ಆದರೆ ಅದರ ಪ್ರಮಾಣ ತೀರ ಅತ್ಯಲ್ಪ. 2,500 ನ್ಯಾನೋಮೀಟರಿನವರೆಗಿನ ಕಾವನ್ನು ಆ ಗಾಜು ಹೆಚ್ಚೇನೂ ಕೇಳದೆ ಒಳಗೆ ಬಿಡುತ್ತದೆ. ಆ ವಾರ ಸುಟ್ಟ ಪ್ರಿಂಟಿನ ದಂಡ ಅಪ್ಪನ ಪಗಾರದಲ್ಲಿ ಕಟ್ಟಾಯಿತು.

ಈಗ ಗಾಜಿಗಿಂತ ಜಾಣ ಉಪಾಯಗಳಿವೆ. ಬೆಳಕಿನ ಅಲೆಯ ಕಾಲುಭಾಗದಷ್ಟು ತೆಳುವಾದ ಪದರಗಳನ್ನು, ಟೈಟೇನಿಯಂ ಡೈಆಕ್ಸೈಡ್ ಒಂದು, ಸಿಲಿಕಾ ಒಂದು ಎಂಬಂತೆ, ಒಂದರ ಮೇಲೊಂದು ಹತ್ತಾರು ಸಲ ಲೇಪಿಸಿದರೆ, ಯಾವ ಬಣ್ಣ ಹಿಂದಿರುಗಬೇಕು, ಯಾವುದು ಹಾಯಬೇಕು ಎಂದು ಗಾಜಿಗೇ ಆಜ್ಞೆ ಮಾಡಬಹುದು. ದೀಪದ ಹಿಂದೆ ಕೂರುವ ಕೋಲ್ಡ್ ಮಿರರ್ ಬೆಳಕನ್ನಷ್ಟೇ ಮುಂದಕ್ಕೆ ಕಳಿಸಿ ಕಾವನ್ನು ತನ್ನ ಬೆನ್ನ ಹಿಂದೆ ಬಿಡುತ್ತದೆ; ದೀಪದ ಮುಂದೆ ಕೂರುವ ಹಾಟ್ ಮಿರರ್ ಬೆಳಕನ್ನು ಹಾಯಲು ಬಿಟ್ಟು ಕಾವನ್ನು ಹಿಂದಕ್ಕೆ ತಳ್ಳುತ್ತದೆ. ಕೋನವನ್ನು ಮಾತ್ರ ಲೆಕ್ಕಿಸಬೇಕು. ನೇರವಾಗಿ ಇಡಲೆಂದು ಮಾಡಿದ ಹಾಟ್ ಮಿರರನ್ನು ಓರೆ ಮಾಡಿದರೆ ಅದರ ಗಡಿ ಕಿರುಅಲೆಗಳ ಕಡೆಗೆ ಸರಿದು ಕೆಂಪು ಬೆಳಕನ್ನೂ ಕಡಿಯುತ್ತದೆ, ರಂಗದ ಮೇಲೆ ಎಲ್ಲರಿಗೂ ಕಾಮಾಲೆಯ ಬದಲು ನೀಲಿ ಜ್ವರ ಬಂದಂತೆ ಕಾಣುತ್ತದೆ. ನೇರವಾಗಿಯೇ ಇಟ್ಟರೆ ಕಾವು ತಿರುಗಿ ದೀಪದ ಕೊರಳಿಗೇ ಬೀಳುತ್ತದೆ. ಹ್ಯಾಲೊಜನ್ ದೀಪದ ಬೆಸುಗೆಯ ಜಾಗ 350 ಡಿಗ್ರಿ ಮೀರಿದರೆ ಒಳಗಿನ ಮಾಲಿಬ್ಡಿನಂ ಹಾಳೆ ತುಕ್ಕು ಹಿಡಿದು ದೀಪ ಅಕಾಲದಲ್ಲಿ ಸಾಯುತ್ತದೆ. ಆದ್ದರಿಂದ ಓರೆಗೆಂದೇ ಮಾಡಿದ ಗಾಜನ್ನು ಓರೆಯಲ್ಲಿಟ್ಟು, ತಿರುಗಿದ ಕಾವನ್ನು ಪಕ್ಕದಲ್ಲಿ ಹಿಡಿಯುವುದು ವಿವೇಕ.

ಹಳಬರ ಉಪಾಯ ನೀರು. ಮನೆಯಲ್ಲೇ ನೋಡಬಹುದು: ಹ್ಯಾಲೊಜನ್ ದೀಪದ ಮುಂದೆ ಚಪ್ಪಟೆ ಗಾಜಿನ ಮೀನಿನ ತೊಟ್ಟಿಯನ್ನಿಟ್ಟು, ಬುಡಕ್ಕೆ ಕಾಡಿಗೆ ಬಳಿದ ಥರ್ಮಾಮೀಟರನ್ನು ಆಚೆ ಬದಿಯಲ್ಲಿ ಹಿಡಿಯಿರಿ. ತೊಟ್ಟಿ ಖಾಲಿಯಿದ್ದಾಗ ಏರುವ ಪಾದರಸ, ನೀರು ತುಂಬಿದಾಗ ಸೋಮಾರಿಯಾಗುತ್ತದೆ, ಬೆಳಕು ಮಾತ್ರ ಅಷ್ಟೇ ಕಾಣುತ್ತದೆ. ಐದು ಸೆಂಟಿಮೀಟರ್ ನೀರು 1,400 ನ್ಯಾನೋಮೀಟರಿನಿಂದಾಚೆಯ ಕಾವನ್ನು ಬಹುತೇಕ ಕುಡಿದುಬಿಡುತ್ತದೆ, 700ರಿಂದ 900ರ ನಡುವಿನದನ್ನು ಬಿಡುತ್ತದೆ. ಅದಕ್ಕೆ ನಮ್ಮ ದ್ರಾಕ್ಷಿ ತೋಟದವರು ಸುಣ್ಣದ ಜೊತೆ ಬೆರೆಸಿ ಸಿಂಪಡಿಸುವ ಮೈಲುತುತ್ತವನ್ನು ಕರಗಿಸಿದರೆ ಆ ಕಿಂಡಿಯೂ ಮುಚ್ಚುತ್ತದೆ, ಬೆಳಕಿಗೆ ನೀಲಿ ಛಾಯೆ ಹತ್ತುವುದನ್ನು ಸಹಿಸಬೇಕಷ್ಟೆ. ಮೊದಲು ಕುದಿಸಿ ಆರಿಸಿದ ನೀರನ್ನು ಬಳಸದಿದ್ದರೆ ಗಾಜಿಗೆ ಗುಳ್ಳೆ ಕಟ್ಟಿ ಕಿರಣ ಕೆಡುತ್ತದೆ. ಕಾವು ಕುಡಿದ ನೀರೂ ಕೊನೆಗೆ ಬಿಸಿಯಾಗುತ್ತದೆ. ಅದು ಹರಿದು ಹೋಗಿ ತಣಿದು ಬರಬೇಕು, ಇಲ್ಲವಾದರೆ ನಾವು ಮಾಡಿದ್ದು ಬರೀ ಚಹಾದ ನೀರು.

ತಳ್ಳಿದ ಕಾವನ್ನು ಹಿಡಿಯುವ ಗೋಡೆಯ ವಿಷಯದಲ್ಲೂ ಒಂದು ಮೋಸವಿದೆ. ಕಪ್ಪಾಗಿ ಕಾಣುವುದೆಲ್ಲ ಕಾವಿಗೂ ಕಪ್ಪೆಂದು ನಂಬುತ್ತೇವೆ. ಬಣ್ಣ ಹಾಕಿ ಆನೊಡೈಸ್ ಮಾಡಿದ ಕಪ್ಪು ಅಲ್ಯೂಮಿನಿಯಂ ಕಣ್ಣಿಗೆ ಅಮಾವಾಸ್ಯೆ, 900 ನ್ಯಾನೋಮೀಟರಿಗೆ ಸುಮಾರಾದ ಕನ್ನಡಿ. ನಮ್ಮ ಅಜ್ಜಿಯರು ದೀಪದ ಮೇಲೆ ಬಟ್ಟಲು ಮುಚ್ಚಿ ತೆಗೆಯುತ್ತಿದ್ದ ಕಾಡಿಗೆ ಎರಡಕ್ಕೂ ಕಪ್ಪು. ಬಿದ್ದ ಕಾವಿನ ನೂರಕ್ಕೆ ತೊಂಬತ್ತೈದರಷ್ಟನ್ನು ಅದು ಹಿಡಿಯುತ್ತದೆ.

ಹಿಡಿದ ಮೇಲೆ ಹೊರಹಾಕಬೇಕು. ಇಲ್ಲಿ ನಮ್ಮ ಊರುಗಳ ಹವೆ ಅಡ್ಡ ಬರುತ್ತದೆ. ಏಪ್ರಿಲ್‌ನಲ್ಲಿ 42 ಡಿಗ್ರಿ ಮುಟ್ಟುವ ವಿಜಯಪುರದಲ್ಲಿ ಫ್ಯಾನ್ ಊದುವುದೂ 42 ಡಿಗ್ರಿಯ ಗಾಳಿಯನ್ನೇ. ದೀಪದ ಕಾವನ್ನು ಗಾಳಿಗೆ ಬಿಡಲು ಅದರ ಮೈಗೆ ಕೂರಿಸುವ ಲೋಹದ ರೆಕ್ಕೆಗಳು ತಂಪು ನಾಡಿನ ಲೆಕ್ಕದಲ್ಲಿ ಮಾಡಿದವಾದರೆ ಇಲ್ಲಿ ಸಾಲುವುದಿಲ್ಲ, ಅವುಗಳ ಸಂದಿನಲ್ಲಿ ಎರೆಮಣ್ಣಿನ ಧೂಳು ತುಂಬಿದರಂತೂ ಅವು ಕಂಬಳಿ ಹೊದ್ದಂತೆ. ಕರೆಂಟು ಹೋದಾಗ ದೀಪದ ಜೊತೆಗೆ ಫ್ಯಾನೂ ನಿಲ್ಲುವುದು ಇನ್ನೊಂದು ಅಪಾಯ, ಏಕೆಂದರೆ ದೊಡ್ಡ ಝೆನಾನ್ ದೀಪಗಳಿಗೆ ಆರಿದ ಮೇಲೂ ಹಲವು ನಿಮಿಷ ಗಾಳಿ ಬೇಕು. ಅಪ್ಪನ ಕ್ಯಾಬಿನ್ನಿನಲ್ಲಿ ಛಾವಣಿ ಸೀಳಿ ಹೋಗುತ್ತಿದ್ದ ತಗಡಿನ ಚಿಮಣಿಗೆ ಕರೆಂಟಿನ ಹಂಗಿರಲಿಲ್ಲ.

ಎಲ್‌ಇಡಿ ಬಂದಿದೆ, ಇನ್ನು ಈ ರಗಳೆ ಯಾಕೆ ಎಂದು ಸ್ನೇಹಿತರು ಕೇಳುತ್ತಾರೆ. ಎಲ್‌ಇಡಿಯ ಕಿರಣದಲ್ಲಿ ಅವಕೆಂಪು ಇಲ್ಲವೆನ್ನುವಷ್ಟು ಕಡಿಮೆ, ನಿಜ. ಹೊಸದಾಗಿ ಕೊಳ್ಳುವವರು ಅದನ್ನೇ ಕೊಳ್ಳಲಿ. ಆದರೆ ಅದರ ಕಾವು ಕಿರಣದೊಂದಿಗೆ ಮುಂದೆ ಹಾರಿಹೋಗದೆ ಬೆಳಕು ಹೊಮ್ಮಿಸುವ ಚಿಪ್‌ನ ಬೆನ್ನಲ್ಲೇ ಉಳಿಯುತ್ತದೆ, ಲೋಹದ ಮೂಲಕವೇ ಹರಿದು ಹೋಗಬೇಕು. ಅಂಥ ದೀಪವನ್ನು ಥರ್ಮೋಕೋಲ್ ಛಾವಣಿಯೊಳಗೆ ಹೂತು, ವರ್ಷದಲ್ಲಿ ಮಂಕಾಯಿತೆಂದು ಅಂಗಡಿಯವನನ್ನು ಬೈಯುವುದನ್ನು ಬಾಗಲಕೋಟೆಯ ಒಂದು ಹಾಲಿನಲ್ಲಿ ಕಣ್ಣಾರೆ ಕಂಡಿದ್ದೇನೆ.

ಜಾತ್ರೆಯ ಹುಡುಗನ ಬಳಿ ಹಾಟ್ ಮಿರರ್ ಕೊಳ್ಳುವ ದುಡ್ಡಿರಲಿಲ್ಲ, ಕಂಪನಿಗೆ ಮನಸ್ಸೂ ಇರಲಿಲ್ಲ. ಎಣ್ಣೆಯ ಡಬ್ಬಿಯ ತಗಡನ್ನು ಕತ್ತರಿಸಿ, ಹಾಳೆಯ ಚೌಕಟ್ಟು ದೀಪದ ಬಾಯಿಂದ ಒಂದು ಗೇಣು ಮುಂದೆ ನಿಲ್ಲುವಂತೆ ಕಾಲು ಮಾಡಿ, ಮೇಲೂ ಕೆಳಗೂ ಗಾಳಿಯಾಡುವ ಸಂದು ಬಿಟ್ಟೆವು. ಕಿರಣ ಅಷ್ಟು ದೂರದಲ್ಲಿ ಅಗಲವಾಗುವುದರಿಂದ ಹಾಳೆ ದೊಡ್ಡದು ಬೇಕಾಯಿತು, ಅದಕ್ಕೆ ಆತ ಗೊಣಗಿದ. ಮರುದಿನದ ಆಟದಲ್ಲಿ ಬೆಳದಿಂಗಳು ಮೂರನೆಯ ಅಂಕದವರೆಗೂ ಬೆಳದಿಂಗಳಾಗಿಯೇ ಇತ್ತು.