ಶಾಂತಿಗೆ ಹುಡುಗರು ಬೇಕಾಗಿದ್ದಾರೆ (ಕುರ್ಚಿ ಜೋಡಿಸಲು)

ಶಾಂತಿ ಕಾಪಾಡುವ ಕೆಲಸದಲ್ಲಿ ಯುವಜನರನ್ನು ಪಾಲುದಾರರನ್ನಾಗಿ ಮಾಡಿಕೊಳ್ಳಿ ಅಂತ ವಿಶ್ವಸಂಸ್ಥೆಯ ಭದ್ರತಾ ಮಂಡಳಿ 2015ರ ಡಿಸೆಂಬರಿನಲ್ಲೇ ಹೇಳಿದೆ. 2250ನೇ ನಿರ್ಣಯ ಅದು. ಯುವಜನರು ಅಂದರೆ 18ರಿಂದ 29 ವರ್ಷದವರು ಅಂತ ವಯಸ್ಸನ್ನೂ ಬರೆದಿದ್ದಾರೆ. ಪಾಪ, ಅವರು ಬೆಂಗಳೂರಿನ ಫ್ಲೆಕ್ಸ್ ನೋಡಿಲ್ಲ. ಇಲ್ಲಿ 'ಯುವ ನಾಯಕ' ಅನ್ನಿಸಿಕೊಳ್ಳೋಕೆ ಮೀಸೆಗೆ ಡೈ ಬೇಕು, ಮನೆಯಲ್ಲಿ ಮೊಮ್ಮಗು ಇದ್ದರೆ ಇನ್ನೂ ಒಳ್ಳೇದು.

ಹಾಗಂತ ನಾವು ಹುಡುಗರನ್ನು ದೂರ ಇಟ್ಟಿದ್ದೀವಿ ಅನ್ನಬೇಡಿ. ಗಣೇಶನ ಹಬ್ಬಕ್ಕೆ ಮುಂಚೆ ನಡೆಯೋ ಶಾಂತಿ ಸಭೆಗೆ ಒಮ್ಮೆ ಹೋಗಿ ನೋಡಿ. ಶಾಮಿಯಾನ ಕಟ್ಟಿದವರು ಹುಡುಗರು. ಪ್ಲಾಸ್ಟಿಕ್ ಕುರ್ಚಿ ಜೋಡಿಸಿದವರೂ ಅವರೇ, ಬಾದಾಮಿ ಹಾಲು ಹಂಚಿದವರೂ ಅವರೇ. ಕುರ್ಚಿಯಲ್ಲಿ ಕೂತವರು ಮಾತ್ರ ಬೇರೆ. ಮುಂದಿನ ಸಾಲಿನಲ್ಲಿ ಗಣೇಶ ಮಂಡಳಿಯ ಗೌರವಾಧ್ಯಕ್ಷರು, ಮಸೀದಿ ಕಮಿಟಿಯ ಹಿರಿಯರು, ಮಾಜಿ ಕಾರ್ಪೊರೇಟರು. (ಬಿಬಿಎಂಪಿ ಸದಸ್ಯರ ಅವಧಿ ಮುಗಿದಿದ್ದು 2020ರಲ್ಲಿ. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲದೆ ಮಾಜಿಗಳ ಬೆಳೆ ಚೆನ್ನಾಗಿ ಬಂದಿದೆ.)

"ನಾವೆಲ್ಲ ಅಣ್ಣತಮ್ಮಂದಿರ ಥರ ಇದ್ದೀವಿ ಸಾರ್" ಅಂತ ಒಬ್ಬೊಬ್ಬರೂ ಎದ್ದು ಹೇಳುತ್ತಾರೆ. ಇನ್‌ಸ್ಪೆಕ್ಟರು ತಲೆ ಆಡಿಸುತ್ತಾರೆ. ಆಮೇಲೆ ಗೋಡೆಗೆ ಒರಗಿ ನಿಂತವರ ಕಡೆ ತಿರುಗುತ್ತಾರೆ. "ಏಯ್, ಏನಾದ್ರೂ ಆದ್ರೆ ನೀವೇ ಜವಾಬ್ದಾರಿ. ಫೋನ್ ನಂಬರ್, ಆಧಾರ್ ಜೆರಾಕ್ಸ್ ಕೊಟ್ಟು ಹೋಗಿ." ಪಾಲುದಾರಿಕೆ ಅಂದರೆ ಇದೇ ಅಲ್ವಾ? ಶಾಲು ಹಿರಿಯರಿಗೆ, ಜಾಮೀನು ಕಿರಿಯರಿಗೆ.

ತಮಾಷೆ ಏನು ಗೊತ್ತಾ? ಮಸೀದಿ ಮುಂದೆ ತಮಟೆ ಎಷ್ಟು ಹೊತ್ತಿಗೆ ನಿಲ್ಲಿಸಬೇಕು ಅಂತ ಆ ಬೀದಿ, ಈ ಬೀದಿ ಹುಡುಗರು ವಾಟ್ಸಾಪಿನಲ್ಲಿ ಹಿಂದಿನ ವಾರವೇ ಮಾತಾಡಿಕೊಂಡಿರುತ್ತಾರೆ. ಒಂದೇ ಟೀಮಿನಲ್ಲಿ ಕ್ರಿಕೆಟ್ ಆಡೋರು. ಸಭೆಯಲ್ಲಿ ಅದನ್ನು ಯಾರೂ ಕೇಳಲ್ಲ. ಕೇಳಿಬಿಟ್ಟರೆ ಸಭೆ ಐದು ನಿಮಿಷಕ್ಕೆ ಮುಗಿದು, ಭಾಷಣಗಳೆಲ್ಲ ಮಿಕ್ಕಿಬಿಡುತ್ತವೆ.

ಕಾಲೇಜಿನ ಕಥೆಯೂ ಅಷ್ಟೆ. ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿದಿದ್ದು 1989ರಲ್ಲಿ. ಹೆಚ್ಚುಕಡಿಮೆ ಅದೇ ಹೊತ್ತಿಗೆ ನಮ್ಮ ರಾಜ್ಯದಲ್ಲಿ ವಿದ್ಯಾರ್ಥಿ ಸಂಘಗಳ ಚುನಾವಣೆಗೆ ಬೀಗ ಬಿತ್ತು. ಸಂಸದರನ್ನು ಆರಿಸಬಲ್ಲ ಹುಡುಗಿ, ಕ್ಯಾಂಟೀನಿನ ಗಟ್ಟಿ ಇಡ್ಲಿ ಬಗ್ಗೆ ಮಾತಾಡೋಕೆ ಒಬ್ಬ ಪ್ರತಿನಿಧಿಯನ್ನು ಆರಿಸಿದರೆ ಶಾಂತಿ ಕೆಡುತ್ತಂತೆ!

ಹೋಗಲಿ, ಶಾಂತಿಗಾಗಿ ಮೇಣದಬತ್ತಿ ಹಿಡಿದು ರಸ್ತೆಬದಿ ಸುಮ್ನೆ ನಿಲ್ಲೋಣ ಅಂದರೆ 2021ರ ಪೊಲೀಸ್ ಆದೇಶ ಇದೆ. ಪ್ರತಿಭಟನೆ ಏನಿದ್ದರೂ ಅನುಮತಿ ತಗೊಂಡು ಫ್ರೀಡಂ ಪಾರ್ಕಿನಲ್ಲೇ ಮಾಡಬೇಕು. ಅದು ಹಳೇ ಸೆಂಟ್ರಲ್ ಜೈಲು. ತುರ್ತು ಪರಿಸ್ಥಿತಿಯಲ್ಲಿ ಎದುರು ಮಾತಾಡಿದವರನ್ನು ಹಿಡಿದು ತಂದು ಅಲ್ಲಿ ಒಳಗೆ ಹಾಕುತ್ತಿದ್ದರು. ಈಗ ಮಾತಾಡಬೇಕು ಅನ್ನೋರು ತಾವೇ ಅರ್ಜಿ ಕೊಟ್ಟು, ಕಾದು, ಮೆಟ್ರೋ ಹಿಡಿದು ಒಳಗೆ ಹೋಗುತ್ತಾರೆ. ಪೊಲೀಸರಿಗೆ ವ್ಯಾನಿನ ಡೀಸೆಲ್ ಉಳಿತಾಯ.