ಬಿಸಿಯಾಗಲಿ ಬಿಡಣ್ಣ

ಈ ಸಲ ಸಂಕ್ರಾಂತಿಗೆ ಊರಿಗೆ ಹೋದಾಗ ಅಣ್ಣ ಆಡಿದ ಒಂದು ಮಾತು ಇನ್ನೂ ಚುಚ್ಚುತ್ತಿದೆ. ಬೆಳಗ್ಗೆ ಐದೂವರೆ. ಕೊಬ್ಬರಿ ಚೀಲ ಹೇರಿಕೊಂಡು ತಿಪಟೂರು ಮಾರ್ಕೆಟ್ಟಿಗೆ ಹೊರಟಿದ್ದೆವು. ರಾತ್ರಿಯ ಮಂಜಿಗೆ ಪಿಕಪ್ಪಿನ ಗಾಜೆಲ್ಲ ಒದ್ದೆ. ಅಣ್ಣ ಹತ್ತಿ ಕೂತು ಕೀ ತಿರುಗಿಸಿದ. ಸುರುಳಿ ಗುರುತಿನ ಹಳದಿ ದೀಪ ಇನ್ನೂ ಆರಿರಲಿಲ್ಲ, ಆಗಲೇ ಸೆಲ್ಫ್ ಹೊಡೆದ. ಇಂಜಿನ್ ಎದ್ದ ಮರುಕ್ಷಣ ಆಕ್ಸಿಲರೇಟರ್ ಪೂರ್ತಿ ಒತ್ತಿ ಎರಡು ಸಲ ರೇಸ್ ಮಾಡಿ, ಗೇರ್ ಹಾಕಿ, ತೋಟದ ದಿಣ್ಣೆ ಏರಿಸಿಯೇಬಿಟ್ಟ. "ಒಂದು ನಿಮಿಷ ಬಿಸಿಯಾಗಲಿ ಬಿಡಣ್ಣ" ಅಂದೆ. "ಇದೇನ್ ಏರೋಪ್ಲೇನ್ ಅಂದ್ಕಂಡೇನ್ಲಾ?" ಅಂದ. ಹಿಂದೆ ಚೀಲದ ಮೇಲೆ ಕೂತಿದ್ದ ಹುಡುಗರಿಬ್ಬರೂ ನಕ್ಕರು.

ನಾನು ಇರೋದು ಹೊಸೂರಿನಲ್ಲಿ. ಅತ್ತಿಬೆಲೆ ದಾಟಿದರೆ ಬೋರ್ಡು ತಮಿಳಾಗುತ್ತದೆ, ಅಷ್ಟೇ ದೂರ. ಆದರೂ ಅದು ಹೊರನಾಡೇ. ತಳಿ ರಸ್ತೆಯ ಬೆಳಗೊಂಡಪಲ್ಲಿಯಲ್ಲಿ ಒಂದು ರನ್‌ವೇ ಇದೆ. ಅಲ್ಲಿ ಸಣ್ಣ ವಿಮಾನಗಳ ರಿಪೇರಿ ನನ್ನ ಕೆಲಸ. ಹಾಗಾಗಿ ಅಣ್ಣನ ಮಾತು ನನಗೆ ಬರೀ ತಮಾಷೆಯಾಗಿ ಕೇಳಲಿಲ್ಲ.

ಏರೋಪ್ಲೇನ್ ಇಂಜಿನ್ ಅಂದರೆ ಬೇರೆಯದೇ ಜಾತಿ, ಅದಕ್ಕೆ ಉಪಚಾರ ಜಾಸ್ತಿ ಅನ್ನೋದು ಅಣ್ಣನ ಲೆಕ್ಕ. ಅಲ್ಲ. ನಮ್ಮ ಹ್ಯಾಂಗರಿಗೆ ಬರುವ ಡೈಮಂಡ್ ಡಿಎ40 ಎನ್‌ಜಿ ನಾಲ್ಕು ಸೀಟಿನ ವಿಮಾನ. ಅದರ ಮೂಗಿನೊಳಗೆ ಇರೋದು ಡೀಸೆಲ್ ಇಂಜಿನ್. ಕುಡಿಯೋದು ದೊಡ್ಡ ಜೆಟ್‌ಗಳಿಗೆ ಹಾಕುವ ಜೆಟ್ ಎ-1 ಇಂಧನ. ಆಸ್ಟ್ರೋ ಎಇ300 ಅಂತ ಅದರ ಹೆಸರು. 2 ಲೀಟರ್, 4 ಸಿಲಿಂಡರ್, 168 ಕುದುರೆ ಶಕ್ತಿ. ಅದರ ಮೂಲ ಯಾವುದು ಗೊತ್ತಾ? ಮರ್ಸಿಡಿಸ್ ಕಾರಿನ ಇಂಜಿನ್. ಎಲ್ಲ ಸಿಲಿಂಡರಿಗೂ ಒಂದೇ ಕೊಳವೆಯಿಂದ ಇಂಧನ ಹಂಚುವ ಕಾಮನ್ ರೈಲ್, ಇಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊ, ಸ್ಟಾರ್ಟ್ ಮಾಡುವ ಮುಂಚೆ ಬಿಸಿಯಾಗುವ ಗ್ಲೋ ಪ್ಲಗ್, ಎಲ್ಲ ಅಣ್ಣನ ಪಿಕಪ್ಪಿನಲ್ಲಿ ಇರುವಂಥದ್ದೇ. ಏರೋಪ್ಲೇನೇ ಕಾರಿನ ಇಂಜಿನ್ ಹಾಕಿಕೊಂಡು ಹಾರುತ್ತಿದೆ ಕಣಣ್ಣ ಅಂತ ಅವತ್ತೇ ಹೇಳಬೇಕಿತ್ತು. ಹೇಳಲಿಲ್ಲ. ಹಬ್ಬದ ಹೊತ್ತು, ಸುಮ್ನಾದೆ.

ಇಲ್ಲಿ ಆ ಇಂಜಿನ್‌ನ ಹೇಗೆ ನೋಡಿಕೊಳ್ತಾರೆ ಹೇಳ್ತೀನಿ. ಅಣ್ಣನ ಗಾಡಿಯ ಸುರುಳಿ ದೀಪದ ಹಾಗೆ ಇಲ್ಲೂ ಗ್ಲೋ ದೀಪ ಇದೆ, ಅದು ಆರುವವರೆಗೆ ಯಾರೂ ಕೀ ಮುಂದಕ್ಕೆ ತಿರುಗಿಸೋದಿಲ್ಲ. ಸ್ಟಾರ್ಟ್ ಆದ ಮೇಲೆ 2 ನಿಮಿಷ ಐಡಲ್, ಅಂದರೆ ಪವರ್ ಕೊಡದೆ ಮೆಲ್ಲಗೆ ಓಡೋಕೆ ಬಿಡೋದು. ಆಮೇಲೆ ನಿಮಿಷಕ್ಕೆ 1400 ಸುತ್ತಿಗೆ ಏರಿಸಿ ಕಾಯಬೇಕು. ಎಣ್ಣೆ ಕಡಿಮೆ ಅಂದರೂ 50 ಡಿಗ್ರಿಗೆ ಬರಬೇಕು, ಕೂಲೆಂಟ್, ಅಂದರೆ ಇಂಜಿನ್ ತಣಿಸುವ ನೀರು, 60ಕ್ಕೆ. ಗೇರ್‌ಬಾಕ್ಸ್ 35 ಮುಟ್ಟದೆ ಪೂರ್ತಿ ಪವರ್ ಕೊಡುವ ಹಾಗಿಲ್ಲ. ಇಷ್ಟೆಲ್ಲ ಆದ ಮೇಲೇ ರನ್-ಅಪ್, ಅಂದರೆ ಹಾರುವ ಮುಂಚಿನ ಇಂಜಿನ್ ಪರೀಕ್ಷೆ. ಈ ಇಂಜಿನ್‌ಗೆ ಎ ಮತ್ತು ಬಿ ಅಂತ ಎರಡು ಕಂಪ್ಯೂಟರ್. ಟೆಸ್ಟ್ ಬಟನ್ ಒತ್ತಿ ಹಿಡಿದರೆ ಕೆಲಸ ಒಂದರಿಂದ ಇನ್ನೊಂದಕ್ಕೆ ದಾಟಿ, ಪ್ರೊಪೆಲ್ಲರ್ ಸದ್ದು ಏರಿ ಇಳಿಯುತ್ತದೆ. ಆ ಏರಿಳಿತ ಸರಿಯಾಗಿ ಬರದಿದ್ದರೆ ಅವತ್ತು ಹಾರಾಟ ಇಲ್ಲ.

ಹೋದ ಡಿಸೆಂಬರಿನ ಒಂದು ಬೆಳಗ್ಗೆ. ಹೊಸೂರಿನ ಚಳಿ ನಿಮಗೆ ಗೊತ್ತಲ್ಲ. ವಿಮಾನ ಒಯ್ಯಲು ಬಂದಿದ್ದ ಪೈಲಟ್‌ಗೆ ವಿಪರೀತ ಅವಸರ. ಪರದೆಯಲ್ಲಿ ಕೂಲೆಂಟ್ ಆಗಲೇ 60 ದಾಟಿ ಹಸಿರಾಗಿತ್ತು. ಎಣ್ಣೆ ಮಾತ್ರ 43. ನೀರು ಬೇಗ ಬಿಸಿಯಾಗುತ್ತದೆ, ಎಣ್ಣೆ ನಿಧಾನ. "ಸಾಕಲ್ವಾ, ಟೆಸ್ಟ್ ಮಾಡೋಣ" ಅಂದರು. ಪಕ್ಕದ ಸೀಟಿನಲ್ಲಿ ನಮ್ಮ ಹಿರಿಯ ಮೆಕ್ಯಾನಿಕ್, ಧರ್ಮಪುರಿ ಕಡೆಯವರು, ನನಗೆ ಕೆಲಸ ಕಲಿಸಿದವರು. ಪೈಲಟ್ ಕಡೆ ತಿರುಗಲೂ ಇಲ್ಲ. ಹಿಂದಿನ ಸೀಟಿನಲ್ಲಿದ್ದ ನನ್ನನ್ನು ನೋಡಿ, "ಇರು ತಂಬಿ, ಸೂಡು ಏರಟ್ಟುಂ" ಅಂದರು. ಕಾವು ಏರಲಿ, ಅಷ್ಟೇ. 44, 45. ಮೂವರೂ ಆ ಒಂದೇ ಅಂಕಿ ನೋಡುತ್ತಾ ಕೂತೆವು. 48ರಲ್ಲಿ ಅದು ಯಾಕೋ ತುಂಬಾ ಹೊತ್ತು ನಿಂತಿತು. 50 ಬಂದ ಮೇಲೇ ಅವರು ತಲೆ ಆಡಿಸಿದ್ದು. ನನಗೆ ಆ ಮನುಷ್ಯನ ಮೇಲೆ ಅವತ್ತು ಹುಟ್ಟಿದ ಗೌರವ ಇನ್ನೂ ಹಾಗೇ ಇದೆ.

ಯಾಕೆ ಕಾಯಬೇಕು ಅಂತ ಕೊಬ್ಬರಿ ಮನೆಯವರಿಗೆ ಬಿಡಿಸಿ ಹೇಳಬೇಕಾ? ಸಂಕ್ರಾಂತಿ ಚಳಿಗೆ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಗಟ್ಟಿಯಾಗುತ್ತದೆ, ಬಿಸಿನೀರಲ್ಲಿ ಇಟ್ಟರೇ ಇಳಿಯೋದು. ಇಂಜಿನ್ ಎಣ್ಣೆ ಅಷ್ಟು ಗಟ್ಟಿಯಾಗೋದಿಲ್ಲ, ಆದರೆ ಮಂದವಾಗುತ್ತದೆ. ನಿಮಿಷಕ್ಕೆ ಲಕ್ಷ ಸುತ್ತು ದಾಟುವ ಟರ್ಬೊ ಬೇರಿಂಗಿಗೆ ಅದು ತಡವಾಗಿ ತಲುಪುತ್ತದೆ. ಅಲ್ಯೂಮಿನಿಯಂ ಪಿಸ್ಟನ್ ಬೇಗ ಹಿಗ್ಗುತ್ತದೆ, ಸುತ್ತಲಿನ ಲೋಹ ಇನ್ನೂ ತಣ್ಣಗಿರುತ್ತದೆ. ಆ ಹೊತ್ತಲ್ಲಿ ಪೂರ್ತಿ ಭಾರ ಹಾಕಿದರೆ ಸವೆತ ಬಿಟ್ಟರೆ ಬೇರೇನು ಸಿಗುತ್ತೆ? ಅಣ್ಣನ ಹಿಂದಿನ ಗಾಡಿಯ ಟರ್ಬೊ ಮೂರೇ ವರ್ಷಕ್ಕೆ ಹೋಯಿತು. ಅದಕ್ಕೆ ಇದೇ ಕಾರಣ ಅಂತ ನಾನು ಈಗಲೂ ಹೇಳ್ತೀನಿ. ಅಣ್ಣ ಒಪ್ಪೋದಿಲ್ಲ, ಡೀಸೆಲ್ ಕಲಬೆರಕೆ ಅಂತಾನೆ.

ನನಗೆ ಬೇಜಾರು ಗಾಡಿದಲ್ಲ. "ಏನಾಗ್ತದೆ, ನಡೀತದೆ" ಅನ್ನೋ ಮಾತು ನಮ್ಮ ಕಡೆ ಎಲ್ಲಿಂದ ಬಂತು ಅನ್ನೋದು. ಅಮ್ಮ ಎಸರು ಕುದಿಯದೆ ಹಿಟ್ಟು ಹಾಕಿದವಳಲ್ಲ. ಎಷ್ಟೇ ಹಸಿವು ಅಂದರೂ, ಗಂಟಾಗ್ತದೆ ಇರ್ರೋ, ಅನ್ನೋಳು. ಅಪ್ಪ ತೋಟದ ಡೀಸೆಲ್ ಪಂಪ್‌ಸೆಟ್ಟಿಗೆ ಹ್ಯಾಂಡಲ್ ಹೊಡೆದು, ಟುಕು ಟುಕು ಅಂತ ಓಡೋಕೆ ಬಿಟ್ಟು, ಒಂದು ಬೀಡಿ ಮುಗಿಸಿ, ಆಮೇಲೇ ಬೆಲ್ಟ್ ಏರಿಸೋರು. ಆ ಇಂಜಿನ್ ಎಷ್ಟು ವರ್ಷ ಬಾಳಿತು ಅಂತ ಅಣ್ಣನಿಗೂ ಗೊತ್ತು. ನಮ್ಮ ಮನೆಯಲ್ಲೇ ಇದ್ದ ಪದ್ಧತಿ ಅದು. ಧರ್ಮಪುರಿಯವರ ಹತ್ತಿರ ತಮಿಳಿನಲ್ಲಿ ಕಲಿಯಬೇಕಾಗಿ ಬಂತಲ್ಲ ಅಂತ ಕೆಲವು ಸಲ ಹೊಟ್ಟೆ ಉರಿಯುತ್ತದೆ.

ಸರಿ, ಅಣ್ಣನ ಕಡೆಯಿಂದಲೂ ನೋಡಬೇಕು. ಈಗಿನ ಡೀಸೆಲ್ ಗಾಡಿಗಳನ್ನ ನಿಲ್ಲಿಸಿಕೊಂಡು ತುಂಬಾ ಹೊತ್ತು ಓಡಿಸಬಾರದು. ಐಡಲ್‌ನಲ್ಲಿ ಡೀಸೆಲ್ ಇಂಜಿನ್ ಬೇಗ ಕಾವೇರೋದೂ ಇಲ್ಲ, ಮಸಿ ಕಟ್ಟುತ್ತದೆ. ಸ್ವಲ್ಪ ಹೊತ್ತು ಬಿಟ್ಟು, ಮೊದಲ ಎರಡು ಮೂರು ಕಿಲೋಮೀಟರ್ ಮೆಲ್ಲಗೆ ಹೋದರೆ ಸಾಕು. ಗಾಡಿ ದಾರಿಯಲ್ಲೇ ಬಿಸಿಯಾಗಬಹುದು, ವಿಮಾನಕ್ಕೆ ಆ ಅನುಕೂಲ ಇಲ್ಲ, ನೆಲ ಬಿಡುವಾಗಲೇ ಪೂರ್ತಿ ಪವರ್ ಬೇಕು. ನಮಗೆ ಕಾಯೋಕೆ ಸಂಬಳ ಕೊಡ್ತಾರೆ. ಅಣ್ಣ ತಡ ಮಾಡಿದರೆ ಮಾರ್ಕೆಟ್ಟಿನಲ್ಲಿ ಚೀಲ ಇಳಿಸೋಕೂ ಜಾಗ ಸಿಗೋದಿಲ್ಲ. ಇನ್ನು ಹೊಸೂರಿನವರೆಲ್ಲ ತಾಳ್ಮೆಯವರು ಅಂತಲೂ ಅಲ್ಲ, ನಮ್ಮ ಬೀದಿಯ ಟೆಂಪೋಗಳು ಬೆಳಗ್ಗೆ ಅರಚೋದನ್ನ ಕೇಳಿಯೇ ನಾನು ಏಳೋದು.

ಅವತ್ತು ಮಧ್ಯಾಹ್ನ ಚೀಲ ಖಾಲಿ ಮಾಡಿ ವಾಪಸ್ ಬಂದೆವು. ಅಣ್ಣ ಮನೆ ಮುಂದೆ ಗಾಡಿ ನಿಲ್ಲಿಸಿ ಇಳಿದ, ಇಂಜಿನ್ ಆಫ್ ಮಾಡಲಿಲ್ಲ. ಅತ್ತಿಗೆ ತಂದ ಮಜ್ಜಿಗೆ ಚೊಂಬನ್ನು ನಿಧಾನವಾಗಿ ಕುಡಿದು ಮುಗಿಸಿದ. ಆಮೇಲೆ ಕಿಟಕಿಯಿಂದ ಕೈ ಹಾಕಿ ಕೀ ತಿರುಗಿಸಿದ. ಯಾಕಣ್ಣ ಅಂತ ಕೇಳಿದೆ.

"ದಿಣ್ಣೆ ಹತ್ತಿ ಬಂದೈತೆ, ಟರ್ಬೊ ಕಾದಿರ್ತದೆ. ಒಂಚೂರು ತಣೀಲಿ ಅಂತ."

ನಮ್ಮ ಹ್ಯಾಂಗರಿನಲ್ಲೂ ಹಾಗೇ ಮಾಡ್ತಾರೆ ಅಂದೆ. "ಮತ್ತೆ?" ಅಂದು ಚೊಂಬು ಅತ್ತಿಗೆ ಕೈಗೆ ಕೊಟ್ಟು ಒಳಗೆ ಹೋದ.