ಮೂರು ವರ್ಷದ ಸಹಿ, ನೂರು ವರ್ಷದ ಪಹಣಿ

ನಾನು ಹೆಚ್ಚಾಗಿ ಜಮೀನಿನ ದಾವೆ ನಡೆಸುವ ವಕೀಲ. ಪಾಲು ವಿಭಾಗದ ಕೇಸು ಅಂದ್ರೆ ಅಜ್ಜನ ಕಾಲದ ಪಹಣಿ ಬೇಕು, ಮ್ಯುಟೇಷನ್ ರಿಜಿಸ್ಟರಿನ ನಕಲು ಬೇಕು. ಹಾಗಾಗಿ ಸರ್ಕಾರದ ದಾಖಲೆ ಎಷ್ಟು ಕಾಲ ಬಾಳುತ್ತದೆ ಅನ್ನೋದು ನನಗೆ ಹೊಟ್ಟೆಪಾಡಿನ ಪ್ರಶ್ನೆ. ಈಗ ದಾಖಲೆಗಳಿಗೆ ಹಾಕುತ್ತಿರುವ ಡಿಜಿಟಲ್ ಭದ್ರತೆ ಇವತ್ತಿನ ಕಳ್ಳನನ್ನು ತಡೆಯುತ್ತದೆ, ಸರಿ. ಮೂವತ್ತು ವರ್ಷ ಬಿಟ್ಟು ಬರುವ ಜಡ್ಜನ್ನು ಒಪ್ಪಿಸೋದಕ್ಕೆ ಏನು ಬೇಕು ಅಂತ ಯಾರೂ ಯೋಚಿಸಿದ ಹಾಗೆ ಕಾಣಲ್ಲ.

ಹಳೆಯದೇ ಚೆನ್ನಾಗಿತ್ತು ಅಂತ ಹೇಳುತ್ತಿಲ್ಲ. ಕೈಬರಹದ ಪಹಣಿಯಲ್ಲಿ ಒಂದು ಹೆಸರಿಗೆ ಗೀಟು ಎಳೆದು ಪಕ್ಕದಲ್ಲಿ ಇನ್ನೊಂದು ಬರೆಯಲು ಒಂದು ಪೆನ್ನು, ಒಂದಿಷ್ಟು ದುಡ್ಡು ಸಾಕಿತ್ತು. 2000ದ ಆಸುಪಾಸಿನಲ್ಲಿ ಭೂಮಿ ಯೋಜನೆ ಬಂತು. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದವು. ನಮೂದು ಬದಲಿಸಬೇಕಾದ ನೌಕರ ಬೆರಳು ಒತ್ತಿಯೇ ಒಳಗೆ ಹೋಗಬೇಕಾಯಿತು. ಹೆಬ್ಬೆಟ್ಟು ಒತ್ತುವ ಸರದಿ ಈಗ ಆಫೀಸಿನವರದ್ದು ಅಂತ ನಮ್ಮ ಹಿರಿಯರು ನಗುತ್ತಿದ್ದರು. ಯಾರು ತಿದ್ದಿದರು, ಯಾವಾಗ ತಿದ್ದಿದರು ಅನ್ನೋದು ಗುರುತಾಗುತ್ತದೆ. ಇದು ಸಣ್ಣ ಕೆಲಸ ಅಲ್ಲ.

ನನ್ನ ತಕರಾರು ಇರುವುದು ಡಿಜಿಟಲ್ ಸಹಿಯ ಬಗ್ಗೆ. ಅಧಿಕಾರಿಯ ಸಹಿ ಒಂದು ಡಾಂಗಲ್‌ನಲ್ಲಿ, ಅಂದ್ರೆ ಕಂಪ್ಯೂಟರಿಗೆ ಸಿಕ್ಕಿಸುವ ಪೆನ್ ಡ್ರೈವಿನಂಥ ಸಾಧನದಲ್ಲಿ ಇರುತ್ತದೆ. ಈ ಸಹಿ ಇಂಥವರದ್ದೇ ಅಂತ ಹೇಳುವ ಅದರ ಸರ್ಟಿಫಿಕೇಟಿನ ಆಯಸ್ಸು ಹೆಚ್ಚೆಂದರೆ 3 ವರ್ಷ. ಅವಧಿಯೊಳಗೆ ಹಾಕಿದ ಸಹಿ ಆಮೇಲೂ ಸಹಿಯೇ, ಅದು ಸುಳ್ಳಾಗಲ್ಲ. ಆದರೆ ಅವಧಿಯೊಳಗೇ ಹಾಕಿದ್ದು ಅಂತ ತೋರಿಸುವುದು ಹೇಗೆ? ಸಹಿ ಬಿದ್ದ ಹೊತ್ತಿಗೆ ನಂಬುವಂಥ ಟೈಮ್ ಸ್ಟ್ಯಾಂಪ್ ಬೇಕು. ಆವತ್ತು ಆ ಸರ್ಟಿಫಿಕೇಟ್ ರದ್ದಾಗಿರಲಿಲ್ಲ ಅನ್ನೋದಕ್ಕೆ ಪುರಾವೆ ಬೇಕು. ಇವೆರಡನ್ನೂ ಫೈಲಿನೊಳಗೇ ಸೇರಿಸಿಡುವ ವಿಧಾನ ಇದೆ. ಸೇರಿಸದೆ ಬಿಟ್ಟರೆ 2050ರಲ್ಲಿ ಸರ್ಟಿಫಿಕೇಟ್ ಕೊಟ್ಟ ಕಂಪನಿಯನ್ನೇ ಹುಡುಕಿಕೊಂಡು ಹೋಗಬೇಕು, ಅದು ಬದುಕಿದ್ದರೆ.

ಅಷ್ಟು ದೂರ ಯಾಕೆ, ಇವತ್ತೇ ನೋಡಿ. ಸರ್ಕಾರದ ಪಿಡಿಎಫ್ ತೆರೆದರೆ ಸಹಿಯ ಮೇಲೆ ಹಳದಿ ಪ್ರಶ್ನಾರ್ಥಕ ಚಿಹ್ನೆ. ತುಂಬಾ ಸಲ ಅದಕ್ಕೆ ಕಾರಣ ಇಷ್ಟೇ: ನಿಮ್ಮ ಕಂಪ್ಯೂಟರಿಗೆ ಭಾರತದ ಮೂಲ ಸರ್ಟಿಫಿಕೇಟಿನ ಗುರುತಿಲ್ಲ. ಗುಮಾಸ್ತರಿಗೆ ಅದೆಲ್ಲ ಹೇಗೆ ಗೊತ್ತಾಗಬೇಕು? "ಇದು ನಡೆಯಲ್ಲ ಸಾರ್, ಪ್ರಿಂಟ್ ತೆಗೆಸಿ ಗೋಲ್ ಸೀಲ್ ಹಾಕಿಸ್ಕೊಂಡು ಬನ್ನಿ" ಅಂತಾರೆ. ಪ್ರಿಂಟ್ ತೆಗೆದ ಕ್ಷಣವೇ ಡಿಜಿಟಲ್ ಸಹಿ ಹೋಯಿತು, ಕಾಗದದ ಮೇಲೆ ಉಳಿಯುವುದು ಅದರ ಚಿತ್ರ ಮಾತ್ರ!

ಕಾನೂನಿನಲ್ಲೂ ಒಂದು ತಮಾಷೆ ಇದೆ. ಕಾಗದದ ದಾಖಲೆಗೆ 30 ವರ್ಷ ತುಂಬಿ, ಇರಬೇಕಾದ ಕಡೆಯಿಂದಲೇ ಬಂದಿದ್ದರೆ, ಸಹಿ ಅಸಲಿ ಅಂತ ಕೋರ್ಟು ಭಾವಿಸಬಹುದು. ಎಲೆಕ್ಟ್ರಾನಿಕ್ ದಾಖಲೆಗೆ 5 ವರ್ಷ ಸಾಕು. ಹಳೆಯ ಸಾಕ್ಷ್ಯ ಕಾಯ್ದೆಯಲ್ಲೂ ಹೀಗೇ ಇತ್ತು, 2023ರ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ 92 ಮತ್ತು 93ನೇ ಕಲಂ ಆಗಿ ಹಾಗೇ ಮುಂದುವರಿದಿದೆ. ಇದೇ ಹೊಸ ಕಾಯ್ದೆ 2024ರ ಜುಲೈ 1ರಿಂದ ಜಾರಿಗೆ ಬಂದ ಮೇಲೆ, ಎಲೆಕ್ಟ್ರಾನಿಕ್ ದಾಖಲೆಯ ಜೊತೆ ಕೊಡುವ 63ನೇ ಕಲಮಿನ ಸರ್ಟಿಫಿಕೇಟಿನಲ್ಲಿ ಫೈಲಿನ ಹ್ಯಾಶ್ ಬರೆಯಬೇಕು. ಒಂದು ಅಕ್ಷರ ಬದಲಾದರೂ ಬೇರೆಯಾಗುವ ಸಂಖ್ಯೆ ಅದು. ಒಳ್ಳೆಯದೇ. ಆದರೆ ನಮೂನೆಯಲ್ಲಿ ಟಿಕ್ ಹಾಕಲು ಕೊಟ್ಟ, ಹ್ಯಾಶ್ ಲೆಕ್ಕ ಹಾಕುವ ವಿಧಾನಗಳಲ್ಲಿ ಎಂಡಿ5, ಶಾ-1 ಎರಡೂ ಇವೆ. ಬೇರೆ ಬೇರೆ ಎರಡು ಪಿಡಿಎಫ್‌ಗಳಿಗೆ ಒಂದೇ ಶಾ-1 ಹ್ಯಾಶ್ ಬರುವಂತೆ ಸಂಶೋಧಕರು 2017ರಲ್ಲೇ ಮಾಡಿ ತೋರಿಸಿದ್ದರು. ಎಂಡಿ5 ಅದಕ್ಕೂ ಮೊದಲೇ ಸೋತಿತ್ತು. ಅಂದ ಮಾತ್ರಕ್ಕೆ ನಿಮ್ಮ ಪಹಣಿಯನ್ನು ನಾಳೆ ಯಾರೋ ತಿದ್ದಿಬಿಡುತ್ತಾರೆ ಅಂತಲ್ಲ. ಸೋತ ವಿಧಾನಗಳು ಹೊಸ ಕಾಯ್ದೆಯಲ್ಲಿ ಯಾಕೆ, ಅಲ್ವಾ?

ಭದ್ರತೆ ಜಾಸ್ತಿಯಾಗಿ ದಾಖಲೆ ಉಳಿಯದೇ ಹೋದದ್ದೂ ಉಂಟು. ದಕ್ಷಿಣ ಕೊರಿಯಾದಲ್ಲಿ ಸರ್ಕಾರಿ ನೌಕರರಿಗೆ ಕಡತಗಳನ್ನು ಆಫೀಸ್ ಕಂಪ್ಯೂಟರಿನಲ್ಲಿ ಇಡಬೇಡಿ, ಜಿ-ಡ್ರೈವ್ ಅನ್ನುವ ಸರ್ಕಾರದ ಆನ್‌ಲೈನ್ ಸಂಗ್ರಹದಲ್ಲೇ ಇಡಿ ಅಂತ ಹೇಳಿದ್ದರು. 2025ರ ಸೆಪ್ಟೆಂಬರ್ 26ರಂದು ಡೇಜಾನ್ ನಗರದ ಡೇಟಾ ಸೆಂಟರಿನಲ್ಲಿ ಬ್ಯಾಟರಿಗೆ ಬೆಂಕಿ ಬಿತ್ತು. 858 ಟೆರಾಬೈಟ್ ಸುಟ್ಟುಹೋಯಿತು. ಬ್ಯಾಕಪ್ ಇರಲಿಲ್ಲ. ಹೇಳಿದ ಮಾತು ಕೇಳಿದವರದ್ದೇ ಹೋಯಿತು, ಪಾಪ.

ನಾನು ಕೇಳುವುದು ಇಷ್ಟು. ಸಹಿಯ ಸರ್ಟಿಫಿಕೇಟ್, ಟೈಮ್ ಸ್ಟ್ಯಾಂಪ್, ಯಾರು ಯಾವಾಗ ತಿದ್ದಿದರು ಅನ್ನುವ ಲಾಗ್, ಇವೂ ದಾಖಲೆಯ ಭಾಗವೇ ಅಂತ ಸರ್ಕಾರ ಬರೆದು ಹೇಳಲಿ. ಪಹಣಿಯನ್ನು ಎಷ್ಟು ವರ್ಷ ಇಡುತ್ತೀರೋ ಅಷ್ಟೇ ವರ್ಷ ಇವನ್ನೂ ಇಡಲಿ. ಈಗ ಸಾಫ್ಟ್‌ವೇರ್ ಬದಲಾದಾಗ ಹಳೆಯ ಲಾಗ್ ಜೊತೆಗೆ ಬರಬೇಕು ಅಂತ ಕೇಳುವ ಹೊಣೆ ಯಾರದ್ದು? ಹ್ಯಾಶ್ ವಿಧಾನ ಹಳತಾದರೆ ಹೊಸದರಲ್ಲಿ ಮತ್ತೆ ಮುದ್ರೆ ಒತ್ತಲು ಒಬ್ಬ ಅಧಿಕಾರಿ ಇರಲಿ. ರೆಕಾರ್ಡ್ ರೂಮಿಗೆ ಒಬ್ಬ ರೆಕಾರ್ಡ್ ಕೀಪರ್ ಇರುತ್ತಾನಲ್ಲ, ಕಂಪ್ಯೂಟರ್ ಸರ್ವರ್‌ಗೂ ಒಬ್ಬ ಬೇಡವೇ? ತಂತ್ರಜ್ಞರು ಸಿಸ್ಟಂ ನಡೀತಿದೆಯಾ ಅಂತ ನೋಡುತ್ತಾರೆ, ಪತ್ರಾಗಾರದವರ ಮೇಜಿಗೆ ಈ ಫೈಲುಗಳು ಬರುವುದೇ ಇಲ್ಲ.

ಅದು ಆಗುವವರೆಗೆ ನನ್ನ ಕಕ್ಷಿದಾರರಿಗೆ ಹೇಳುವುದನ್ನೇ ನಿಮಗೂ ಹೇಳುತ್ತೇನೆ. ಪಹಣಿ, ಇ-ಖಾತಾ, ಏನೇ ಡೌನ್‌ಲೋಡ್ ಮಾಡಿದರೂ ಆ ಮೂಲ ಪಿಡಿಎಫ್ ಅನ್ನು ತಿದ್ದದೆ, ಹೆಸರು ಬರೆದು, ಎರಡು ಕಡೆ ಇಟ್ಟುಕೊಳ್ಳಿ. ಪ್ರಿಂಟ್ ಬೇರೆ ಇರಲಿ. ಪ್ರಿಂಟಿನ ಫೋಟೊ ತೆಗೆದು ವಾಟ್ಸಾಪಿನಲ್ಲಿ ಕಳಿಸಿ "ಇದೇ ದಾಖಲೆ ಸಾರ್" ಅನ್ನಬೇಡಿ, ಅದರಿಂದ ನನಗೆ ಏನೂ ಮಾಡೋಕಾಗಲ್ಲ.